ಒಂದು ಮಧ್ಯಾಹ್ನದ ಗಾಯ

ಮಾರ್ಚ್ 3, ಸೋಮವಾರ

ಇವತ್ತು ಊಟದ ಹೊತ್ತಿಗೆ ಇನ್ನೂರು ಜನರನ್ನು ಕೊಂದೆವು. ಊಟವಾದ ಮೇಲೆ ಅವರನ್ನೇ ಮತ್ತೆ ಕೊಂದೆವು. ಎರಡನೇ ಸಲ ಸಾಯುವಾಗ ಜನರಲ್ಲಿ ಮೊದಲಿನ ಹುರುಪು ಇರುವುದಿಲ್ಲ. ಹೊಟ್ಟೆ ತುಂಬಿದ ಹೆಣಗಳು ಬಿಸಿಲಿಗೆ ನಿಜವಾಗಿಯೇ ನಿದ್ದೆ ಹೋಗುತ್ತವೆ, ಒಂದೆರಡು ಗೊರಕೆಯನ್ನೂ ಹೊಡೆಯುತ್ತವೆ. ಗೊರಕೆ ಎಲ್ಲ ಕಾಲದಲ್ಲೂ ಇತ್ತು, ಹಾಗಾಗಿ ಅದು ನನ್ನ ವ್ಯಾಪ್ತಿಗೆ ಬರುವುದಿಲ್ಲ.

ನನ್ನ ವ್ಯಾಪ್ತಿ ಇಷ್ಟು: ಇದು ನಾನೂರು ವರ್ಷದ ಹಿಂದಿನ ಯುದ್ಧ, ಇದರೊಳಗೆ ಈ ಕಾಲದ್ದೇನೂ ನುಸುಳಬಾರದು. ಜೊತೆಗೆ, ಒಂದು ಶಾಟಿನಿಂದ ಇನ್ನೊಂದಕ್ಕೆ ಏನೂ ಬದಲಾಗಬಾರದು. ಕತ್ತಿ ಯಾವ ಕೈಯಲ್ಲಿತ್ತು, ರಕ್ತ ಯಾವ ಕೆನ್ನೆಯ ಮೇಲಿತ್ತು, ಸತ್ತವನ ಕಾಲು ಯಾವ ದಿಕ್ಕಿಗಿತ್ತು. ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದಾಗ ಕಾಲವನ್ನು ಮಾತ್ರ ಕಾಯುತ್ತಿದ್ದೆ, ಈಗ ಕಾಲನ್ನೂ ಕಾಯುತ್ತೇನೆ.

ಕಾಲೇಜಿನವರು ಇತಿಹಾಸ ವಿಭಾಗವನ್ನೇ ಇತಿಹಾಸಕ್ಕೆ ಸೇರಿಸಿದ ಮೇಲೆ ಈ ಡೈರೆಕ್ಟರ್ ಕರೆದರು. ಅವರ ಹಿಂದಿನ ಚಿತ್ರದಲ್ಲಿ ಮಹಾರಾಜ ಆಕಾಶ ನೋಡಿ ದೇವರಿಗೇ ಸವಾಲು ಹಾಕುವಾಗ ಮೇಲೆ ವಿಮಾನವೊಂದು ಬಿಳಿ ಗೆರೆ ಎಳೆದುಕೊಂಡು ಹೋಗಿತ್ತು. ಥಿಯೇಟರಿನಲ್ಲಿ ಶಿಳ್ಳೆ ಬಿದ್ದದ್ದು ವಿಮಾನಕ್ಕೆ. ಅವತ್ತಿನಿಂದ ತಪ್ಪು ಎಂಬ ಮಾತು ಕೇಳಿದರೂ ಅವರಿಗೆ ಮೈಯೆಲ್ಲ ಉರಿ. ಈ ಬೆಳಿಗ್ಗೆ ಒಬ್ಬ ಕಾಲಾಳಿನ ಮಣಿಕಟ್ಟಿನಲ್ಲಿ ವಾಚು ಕಟ್ಟಿದ ಬಿಳಿ ಪಟ್ಟಿ ಕಂಡಿತೆಂದು ಮೆಗಾಫೋನನ್ನೇ ಅವನ ಮೇಲೆ ಎಸೆದರು. ಅದು ಪಕ್ಕದವನ ಕಿವಿಗೆ ತಾಗಿತು.

ಬಿಲ್ಲುಗಾರರ ಸಾಲಿಗೆ ಸಾಲೇ ತೋಳಿನ ಮೇಲೆ ಚುಚ್ಚುಮದ್ದಿನ ಗುರುತು ಹೊತ್ತು ಬಂದಿತ್ತು. ಮೇಕಪ್ ಅಣ್ಣ ಒಬ್ಬೊಬ್ಬರ ತೋಳಿಗೂ ಮಣ್ಣಿನ ಬಣ್ಣ ಬಳಿದರು. “ಮೇಷ್ಟ್ರೇ, ಇವರ ಅಮ್ಮಂದಿರು ಕ್ಯೂನಲ್ಲಿ ನಿಂತು ಹಾಕಿಸಿದ ಗುರುತು. ಅಳಿಸಿದ್ರೆ ಪಾಪ ಬರಲ್ವಾ?”

“ಪಾಪ ನನಗೆ ಬರಲಿ. ನೀವು ಬಣ್ಣ ಹಚ್ಚಿ” ಎಂದೆ.

ಈ ಸೈನ್ಯದಲ್ಲಿ ನನ್ನ ಬಾಮೈದನೂ ಇದ್ದಾನೆ. ಮನೆಯಲ್ಲಿ ಅವನನ್ನು ಕರೆಯುವುದು ಚೆಂಡು ಎಂದು. ಚಿಕ್ಕವನಿದ್ದಾಗ ಎಲ್ಲಿಂದ ಬಿದ್ದರೂ ಪುಟಿದೇಳುತ್ತಿದ್ದನಂತೆ, ಈಗ ಅದೇ ಕಸುಬು. ದೊಡ್ಡ ದೊಡ್ಡವರ ಬದಲಿಗೆ ಮಹಡಿಯಿಂದ, ಕುದುರೆಯಿಂದ, ಒಮ್ಮೆ ಹಡಗಿನಿಂದಲೂ ಬಿದ್ದಿದ್ದಾನೆ, ಪ್ರತಿ ಸಲವೂ ಕ್ಯಾಮೆರಾಕ್ಕೆ ಬೆನ್ನು. ಈ ಚಿತ್ರದಲ್ಲಿ ಮೊದಲ ಸಲ ಮುಖವಿರುವ ಪಾತ್ರ, ನನ್ನ ಶಿಫಾರಸಿನಿಂದಲೇ ಸಿಕ್ಕಿದ್ದು. ಕೋಟೆ ಬಾಗಿಲು ಕಾಯುವ ಭಟ. ಹೀರೋ ಜೊತೆ ಇಡೀ ಒಂದು ಕಾಳಗ, ಕ್ಲೋಸಪ್ಪು, ಎರಡು ಮಾತು ಬೇರೆ.

“ಅಕ್ಕ, ಇನ್ಮೇಲೆ ಬೆನ್ನು ನೋಡಿ ನನ್ನ ಗುರುತು ಹಿಡಿಯೋ ಕಷ್ಟ ಇಲ್ಲ ನಿನಗೆ” ಎಂದು ರಾತ್ರಿ ಮನೆಯ ಊಟದ ಮೇಜಿನಲ್ಲಿ ಮೆರೆಯುತ್ತಿದ್ದ.

“ಮುಖ ನೋಡಿ ಹಿಡಿಯೋದೇ ಕಷ್ಟ. ವಾರಕ್ಕೊಂದು ಸಲ ಶೇವ್ ಮಾಡ್ಕೋ” ಎಂದಳು ನನ್ನ ಹೆಂಡತಿ.

ಫ್ಯಾನಿನ ಸ್ವಿಚ್ಚು ಅವಳು ಕೂರುವ ಜಾಗದ ನೆತ್ತಿಯ ಮೇಲೆಯೇ ಇದೆ. ನಾನು ಕೈ ಎತ್ತಿ ಚಾಚಿದರೆ ಅವಳು ತಲೆ ಕೂಡ ಬಗ್ಗಿಸುವುದಿಲ್ಲ. ಬಗ್ಗುವ ಬದಲು ಬಳೆಯ ಕೈಯಿಂದ ನನ್ನ ಹೊಟ್ಟೆಗೊಂದು ತಿವಿಯುತ್ತಾಳೆ. ಇವತ್ತೂ ತಿವಿದಳು. ಇನ್ನೂರು ಜನರನ್ನು ಎರಡೆರಡು ಸಲ ಕೊಂದು ಬಂದವನಿಗೆ ಸಿಕ್ಕ ಏಕೈಕ ಪೆಟ್ಟು.

ಸೆಟ್ಟಿನಲ್ಲಿ ಬರೆಯುವುದೆಲ್ಲ ಸೆಟ್ಟಿಗೆ. ಇದು ನನಗೆ. ಇಲ್ಲಿ ಯಾರೂ ತಪ್ಪು ಹಿಡಿಯುವಂತಿಲ್ಲ.

ಮಾರ್ಚ್ 5, ಬುಧವಾರ

ಕುದುರೆಗಳನ್ನು ಬೀಳಿಸಲು ನೆಲ ಅಗೆದು ಮರಳು ತುಂಬಿಸಿದ್ದರು. ಒಂದು ಕುದುರೆ ಮರಳಿದ್ದ ಕಡೆ ಬೀಳಲಿಲ್ಲ. ಮುಂಗಾಲು ಮುರಿದ ಸದ್ದು ಒಣಸೌದೆ ಮುರಿದಂತೆ ಕೇಳಿತು. ಅದು ಎದ್ದು ನಿಲ್ಲಲು ನೋಡಿತು, ಕಾಲು ಬೇರೆಯದೇ ದಿಕ್ಕಿಗೆ ಮಡಚಿತು. ಟಾರ್ಪಾಲು ಮರೆ ಕಟ್ಟಿ ಏನು ಮಾಡಬೇಕೋ ಅದನ್ನು ಮಾಡಿದರು. ಟಾರ್ಪಾಲಿನ ಹಿಂದೆ ಸ್ವಲ್ಪ ಹೊತ್ತು ಗೊರಸಿನ ಸದ್ದು, ಆಮೇಲೆ ಅದೂ ಇಲ್ಲ.

ಮುಂದಿನ ಶಾಟಿಗೆ ಬೇರೆ ಕುದುರೆ ತಂದರು. ಇದರ ಹಣೆಯಲ್ಲಿ ಬಿಳಿ ಚುಕ್ಕೆಯಿಲ್ಲ. ಸುಣ್ಣ ಕಲಸಿ ನಾನೇ ಇಡಬೇಕಾಯಿತು. ಕೈ ನಡುಗಿ ಚುಕ್ಕೆ ಸೊಟ್ಟಗಾಯಿತು, ಒರೆಸಿ ಮತ್ತೆ ಇಟ್ಟೆ. ಮಧ್ಯಾಹ್ನ ಊಟ ಸೇರಲಿಲ್ಲ.

ಸಂಜೆ ಕತ್ತಿಯ ಪಂಚಾಯ್ತಿ. ಹೀರೋಗೆ ಮರದ ಕತ್ತಿ ಬೇಡವಂತೆ. “ಇದ್ರಲ್ಲಿ ಭಾರಾನೇ ಇಲ್ಲ. ಬೀಸಿದ್ರೆ ನನ್ನ ತೋಳಿನ ನರ ಉಬ್ಬಲ್ಲ.”

ಫೈಟ್ ಮಾಸ್ಟರ್ ಗೋಗರೆದರು. “ಸಾರ್, ಕಬ್ಬಿಣ ಕಬ್ಬಿಣಾನೇ. ಅಲಗು ಮೊಂಡು ಮಾಡಿದ್ರೂ ತಲೆ ಒಡೆಯುತ್ತೆ.”

ಡೈರೆಕ್ಟರ್ ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ಆ ಕಾಲದಲ್ಲಿ ಏನಿತ್ತು?”

“ಕಬ್ಬಿಣ” ಎಂದೆ. ಬೇರೇನು ಹೇಳಲಿ? ಕಬ್ಬಿಣವೇ ಇದ್ದದ್ದು.

ಮಾರ್ಚ್ 8, ಶನಿವಾರ

ಕೋಟೆ ಬಾಗಿಲ ಕಾಳಗ ಶುರು. ಹೀರೋ ಎರಡು ಹೆಜ್ಜೆ ಮುಂದೆ ಬಂದು ಬೀಸಬೇಕು, ಚೆಂಡು ಹಿಂದಕ್ಕೆ ಬಾಗಬೇಕು. ಹೀರೋ ಮೂರು ಹೆಜ್ಜೆ ಬಂದ.

ಎಡ ಹುಬ್ಬಿನ ನಡುವಿನಿಂದ ಮೂಗಿನ ಬುಡದವರೆಗೆ ಚರ್ಮ ಬಾಯಿ ಬಿಟ್ಟಿತು. ಒಂದು ಗಳಿಗೆ ಒಳಗೆಲ್ಲ ಬಿಳಿ, ಆಮೇಲೆ ಕೆಂಪು. ರಕ್ತ ಮೂಗಿನ ಪಕ್ಕದಿಂದ ಇಳಿದು ತುಟಿ ದಾಟಿ ಗಡ್ಡದಲ್ಲಿ ಹನಿಗಟ್ಟಿತು. ಚೆಂಡು ನಿಲ್ಲಿಸಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಹಲ್ಲಿನ ಮೇಲೆ ರಕ್ತ ಹೊತ್ತೇ ತನ್ನ ಎರಡು ಮಾತು ಹೇಳಿದ. “ಬಾಗಿಲು ಮುರಿಯಬಹುದು. ನನ್ನನ್ನು ದಾಟಲಾರೆ.” ಕಣ್ಣು ಮಿಟುಕಿಸಲಿಲ್ಲ. ಡೈರೆಕ್ಟರ್ ಕ್ಯಾಮೆರಾದವನ ಹೆಗಲು ಹಿಡಿದು ಒತ್ತುತ್ತಿದ್ದರು, ನಿಲ್ಲಿಸಬೇಡ ಎಂದು.

ಕಟ್ ಎಂದ ಮೇಲೆ ಚಪ್ಪಾಳೆ. ಹೀರೋ ಕತ್ತಿ ಬಿಸಾಡಿ ಓಡಿಬಂದು ಚೆಂಡುವನ್ನು ಅಪ್ಪಿಕೊಂಡ, ಅವನ ಅಂಗಿಗೂ ರಕ್ತ ಮೆತ್ತಿತು. “ಆ ಅಂಗಿ ಒಗೆಯಬೇಡಿ!” ಎಂದು ಕೂಗಿದೆ. ನನ್ನ ಬಾಯಿಂದ ಮೊದಲು ಬಂದ ಮಾತು ಅದೇ. ಕಸುಬು ಎಂದರೆ ಹಾಗೆ.

ಸೆಟ್ಟಿನ ಡಾಕ್ಟರು ಹೊಲಿಗೆಗೆ ಸೂಜಿ ತೆಗೆದರು. ನಾನು ತಡೆದೆ. ಈ ಕಾಳಗ ಇನ್ನೂ ಅರ್ಧ ಬಾಕಿಯಿದೆ, ಕಥೆಯಲ್ಲಿ ಇದೆಲ್ಲ ನಡೆಯುವುದು ಒಂದೇ ಮಧ್ಯಾಹ್ನ. ಈ ಕ್ಲೋಸಪ್ ಇಟ್ಟುಕೊಂಡರೆ ಮುಂದಿನ ಪ್ರತಿ ಶಾಟಿನಲ್ಲೂ ಇದೇ ಗಾಯ ಹೀಗೇ ಇರಬೇಕು. ಹೊಲಿಗೆ ಬಿದ್ದರೆ ಹೋಲಿಕೆ ಹೋಯಿತು.

“ಆ ಕಾಲದಲ್ಲೂ ಹೊಲೀತಿದ್ರು ಕಣ್ರೀ” ಎಂದರು ಡಾಕ್ಟರು.

“ಹೊಲೀತಿದ್ರು, ಕಾಳಗದ ಮಧ್ಯೆ ಅಲ್ಲ. ನೈಲಾನಿನಲ್ಲಂತೂ ಅಲ್ಲವೇ ಅಲ್ಲ.”

ಎಲ್ಲರೂ ನಕ್ಕರು. ಚೆಂಡೂ ನಕ್ಕ, ನಕ್ಕಾಗ ಗಾಯ ಇನ್ನಷ್ಟು ಅಗಲವಾಯಿತು. “ಭಾವ ಹೇಳಿದ ಹಾಗೇ ಆಗಲಿ ಡಾಕ್ಟ್ರೇ. ಈ ಮುಖಕ್ಕೆ ಇದೇ ಮೊದಲ ಚಾನ್ಸು” ಎಂದ. ಹೊಲಿಗೆಯ ಬದಲು, ಬೇಕಾದಾಗ ತೆಗೆದು ಹಾಕಬಹುದಾದ ಟೇಪು ಅಂಟಿಸಿದರು. “ಬೇಗ ಮುಗಿಸಿ. ಕೀವು ಕಣ್ಣಿಗೆ ಇಳಿದರೆ ನನ್ನನ್ನ ಕೇಳಬೇಡಿ” ಎಂದು ಡಾಕ್ಟರು ಕೈ ತೊಳೆದುಕೊಂಡರು, ಎರಡೂ ಅರ್ಥದಲ್ಲಿ.

ಮಾರ್ಚ್ 9, ಭಾನುವಾರ

ರಜೆ. ಮನೆಯಲ್ಲೇ ಯುದ್ಧ.

“ರೀ, ಸೈಕಲ್ ಟ್ಯೂಬ್ ಹರಿದ್ರೂ ಪಂಕ್ಚರ್ ಹಾಕಿಸ್ತೀರಿ. ನನ್ನ ತಮ್ಮನ ಮುಖಕ್ಕೆ ಟೇಪು ಅಂಟಿಸ್ಕೊಂಡು ಬಂದಿದೀರಲ್ಲ!”

“ಅಕ್ಕ, ಸುಮ್ನಿರು. ಇದು ಗಾಯ ಅಲ್ಲ, ಕ್ಲೋಸಪ್ಪು” ಎಂದ ಚೆಂಡು.

ಅವಳು ಸೌಟು ಎಸೆದಳು. ಅವನು ಅಭ್ಯಾಸಬಲದಿಂದ ಬಾಗಿ ತಪ್ಪಿಸಿಕೊಂಡ. ಸೌಟು ನನಗೆ ಬಿತ್ತು. ಮೂವರೂ ನಕ್ಕೆವು, ಅವಳು ಕೊನೆಗೆ.

ಮಾರ್ಚ್ 12, ಬುಧವಾರ

ಹೀರೋ ಯಾವುದೋ ಜಾಹೀರಾತಿಗೆಂದು ಊರು ಬಿಟ್ಟಿದ್ದಾನೆ. ಕಾಳಗ ನಿಂತಿದೆ, ಗಾಯ ನಿಂತಿಲ್ಲ. ಅದಕ್ಕೆ ಕಥೆ ಗೊತ್ತಿಲ್ಲ. ಕಥೆಯಲ್ಲಿ ಇನ್ನೂ ಅದೇ ಮಧ್ಯಾಹ್ನ, ಗಾಯದಲ್ಲಿ ಬುಧವಾರ. ಟೇಪು ಬಿಚ್ಚಿ ನೋಡಿದೆ. ಅಂಚುಗಳು ಕೂಡಿಕೊಳ್ಳುತ್ತಿವೆ, ಬಣ್ಣ ಕಂದಿದೆ. ಚಿಕ್ಕ ವಯಸ್ಸು, ಒಳ್ಳೆಯ ರಕ್ತ, ಬೇಗ ಮಾಯುತ್ತದೆ. ಹಾಳಾದ್ದು.

ಇವತ್ತು ಬಿಲ್ಲುಗಾರರ ದೃಶ್ಯ. ಬೆಂಕಿ ಬಾಣ, ಸುಡುವ ಗಾಡಿ, ನಾಲ್ಕೈದು ಜನರಿಗೆ ನಿಜವಾಗಿ ಕೂದಲು ಸುಟ್ಟಿತು. ಶಾಟ್ ಚೆನ್ನಾಗಿಯೇ ಬರುತ್ತಿತ್ತು. ಮುಂದಿನ ಸಾಲಿನಲ್ಲೊಬ್ಬ ಬಾಣ ಹೂಡಿಕೊಂಡೇ ಚೂಯಿಂಗ್ ಗಮ್ ಅಗಿಯುತ್ತಿದ್ದಾನೆ. ಎಲ್ಲ ಮತ್ತೆ ಮಾಡಬೇಕು, ಗಾಡಿ ಮತ್ತೆ ಸುಡಬೇಕು. ಹೋಗಿ ಉಗುಳು ಎಂದೆ. ಉಗುಳಿದ. ಆಮೇಲೆ ನನ್ನ ಕೈ ಅವನ ಕೆನ್ನೆಯ ಮೇಲಿತ್ತು. ಎದ್ದದ್ದು ಯಾವಾಗ ಎಂದು ನನಗೆ ತಿಳಿಯಲಿಲ್ಲ.

ಬೆರಳು ನಾಲ್ಕೂ ಮೂಡಿದ್ದವು. ಮೇಕಪ್ ಅಣ್ಣ ಬಣ್ಣ ಹಚ್ಚಿ ಅವನ್ನು ಅಳಿಸಿದರು.

“ಹಿಂದಿನ ಶಾಟಲ್ಲಿ ಇದು ಇರ್ಲಿಲ್ಲ ಮೇಷ್ಟ್ರೇ” ಎಂದರು.

ತಮಾಷೆಯೋ ಏನೋ. ನಕ್ಕೆ. ಡೈರೆಕ್ಟರ್ ಬೆನ್ನು ತಟ್ಟಿ, “ಈಗ ನೀವು ನಮ್ಮವರಾದ್ರಿ” ಎಂದರು.

ಮಾರ್ಚ್ 13, ಗುರುವಾರ

ಮೋಡ. ಶೂಟಿಂಗ್ ಇಲ್ಲ. ಗಾಯ ಇನ್ನಷ್ಟು ಕೂಡಿದೆ.

ಮಾರ್ಚ್ 17, ಸೋಮವಾರ

ಹೀರೋ ಬಂದ. ಸೂರ್ಯನೂ ಬಂದ, ಅದೇ ಓರೆಯಲ್ಲಿ. ಎಲ್ಲ ಕೂಡಿಬಂತು, ಮುಖವೊಂದನ್ನು ಬಿಟ್ಟು. ಹುಬ್ಬಿನ ಮೇಲೆ ಒಣಗಿದ ಕಪ್ಪು ಹಕ್ಕಳೆ, ಸುತ್ತ ನಸುಗೆಂಪು ಹೊಸ ಚರ್ಮ.

ಮೇಕಪ್ ಅಣ್ಣ ರಬ್ಬರಿನಲ್ಲಿ ಗಾಯ ಮಾಡಿ ತಂದಿದ್ದರು. ಕೈಯಲ್ಲಿ ಹಿಡಿದಾಗ ಬೆಚ್ಚಿಬೀಳುವಂತಿತ್ತು. ಮಾನಿಟರಿನಲ್ಲಿ ಹಳೆಯ ಕ್ಲೋಸಪ್ಪಿನ ಪಕ್ಕ ಇಟ್ಟರೆ ಹುಬ್ಬಿನ ಮೇಲೆ ಯಾರದೋ ತುಟಿ ಅಂಟಿಸಿದಂತೆ ಕಾಣುತ್ತಿತ್ತು. ಡೈರೆಕ್ಟರ್ ಕುರ್ಚಿ ಒದ್ದರು. ಅದು ಮೇಕಪ್ ಅಣ್ಣನ ಮೊಣಕಾಲಿಗೆ ಬಡಿಯಿತು. “ಜನ ಮತ್ತೆ ನಗ್ತಾರೆ ಮೇಷ್ಟ್ರೇ! ವಿಮಾನಕ್ಕೆ ನಕ್ಕ ಹಾಗೆ ನಗ್ತಾರೆ! ಏನು ಮಾಡ್ತೀರೋ ಮಾಡಿ!”

ಮೇಕಪ್ ವ್ಯಾನಿನಲ್ಲಿ ಚೆಂಡುವನ್ನು ಕೂರಿಸಿ, ಬಿಸಿನೀರಿನಲ್ಲಿ ಹತ್ತಿ ಅದ್ದಿ ಹಕ್ಕಳೆಯನ್ನು ನೆನೆಸಿದರೆ ಸಾಕು ಎಂದೆ. ಮೇಕಪ್ ಅಣ್ಣ ಪೆಟ್ಟಿಗೆ ಮುಚ್ಚಿದರು.

“ಹಚ್ಚೋದು ನನ್ನ ಕೆಲಸ. ಕೆರೆಯೋದಲ್ಲ.”

“ಗಂಟೆಗಟ್ಟಲೆ ಎಲ್ಲರೂ ಕಾಯ್ತಿದಾರೆ ಅಣ್ಣ.”

“ಕಾಯ್ಲಿ ಬಿಡಿ. ಮಾಯೋದನ್ನ ತಡೆಯೋಕೆ ನಾವ್ಯಾರು?” ಎಂದು ಕುಂಟುತ್ತ ಇಳಿದು ಹೋದರು.

ನಾನೇ ಮಾಡಿದೆ. ಕೆಳಗಿನ ಅಂಚು ಸುಲಭವಾಗಿ ಎದ್ದಿತು. ಹುಬ್ಬಿನ ಕೂದಲಿಗೆ ಅಂಟಿಕೊಂಡಿದ್ದ ಕಡೆ ಉಗುರು ಹಾಕಬೇಕಾಯಿತು. ಚೆಂಡು ಕುರ್ಚಿಯ ಕೈ ಹಿಡಿದುಕೊಂಡಿದ್ದ. “ಭಾವ, ಏನಾದ್ರೂ ಜೋಕ್ ಹೇಳಿ” ಎಂದ. ಅವನ ಮುಖದ ಮೇಲೆ ಬಾಗಿ ನೋಡುತ್ತಿದ್ದೆ: ಕೆಂಪು ಸರಿಯಾಗಿ ಅದೇ ಗೆರೆಯಲ್ಲಿ ಇಳಿಯಿತು, ಮೂಗಿನ ಪಕ್ಕ, ತುಟಿಯ ಮೇಲೆ, ಗಡ್ಡಕ್ಕೆ. ಕೈ ನಡುಗಲಿಲ್ಲ.

ಏಳು ಶಾಟ್ ತೆಗೆದೆವು. ಎಲ್ಲವೂ ಹೊಂದುತ್ತವೆ. ಊಟವೂ ಚೆನ್ನಾಗಿತ್ತು.

ಮಾರ್ಚ್ 19, ಬುಧವಾರ

ಬೆಳಿಗ್ಗೆ ಚೆಂಡುವಿಗೆ ಜ್ವರ. ಹುಬ್ಬು ಊದಿ ಕಣ್ಣಿನ ಮೇಲೆ ಬಾಗಿದೆ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ಇವತ್ತು ಅವನನ್ನ ಕಳಿಸಲ್ಲ.”

“ಇವತ್ತು ಅವನದ್ದು ಬರೀ ನಿಲ್ಲೋ ಶಾಟು. ಪಕ್ಕಕ್ಕೆ ಸರಿ.”

“ಸರಿಯಲ್ಲ. ನೀವು ಕನ್ನಡಿ ನೋಡಿದೀರಾ ರೀ? ಅವನ ಮುಖ ಅಲ್ಲ, ನಿಮ್ಮದು?”

“ವ್ಯಾನು ಕಾಯ್ತಿದೆ. ಸರಿಯೇ.”

ಸರಿಯಲಿಲ್ಲ. ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿದೆ, ಅಷ್ಟೆ. ಬಳೆ ಒಡೆಯಿತು. ಎಡ ಮಣಿಕಟ್ಟು, ಒಳಮೈ, ಕಿರುಬೆರಳಿನಷ್ಟು ಉದ್ದ, ಓರೆ. ಹೆಚ್ಚು ಆಳವಿಲ್ಲ. ಅವಳು ನೆಲದ ಮೇಲಿನ ಗಾಜಿನ ಚೂರು ನೋಡುತ್ತ ನಿಂತಳು.

ವ್ಯಾನಿನಲ್ಲಿ ಚೆಂಡು ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿ ಕೂತಿದ್ದ. ಸೆಟ್ಟು ಬಂದಾಗ, “ಭಾವ, ಒಂದು ಮಾತು. ನನ್ನ ಮುಖ ಬೇಕಾದ್ದು ಮಾಡ್ಕೊಳ್ಳಿ. ಅಕ್ಕನ ಮೈ ಮುಟ್ಟಬೇಡಿ” ಎಂದ.

ಮುಟ್ಟಿದ್ದೇನೋ ಹೌದು. ಸರಿಸಿದ್ದು.

ಮಾರ್ಚ್ 22, ಶನಿವಾರ

ಕಾಳಗದ ಕೊನೆಯ ದಿನ. ಭಟ ಬಾಗಿಲ ಮುಂದೆ ಬೀಳಬೇಕು, ಹೀರೋ ದಾಟಬೇಕು.

ಮಾತ್ರೆಯಿಂದ ಊತ ಇಳಿದಿತ್ತು, ಗಾಯ ಮತ್ತೆ ಮುಚ್ಚಿತ್ತು. ಬಿಸಿನೀರಿಗೆ ಬಗ್ಗಲಿಲ್ಲ. ಶೇವಿಂಗ್ ಸೆಟ್ಟಿನಿಂದ ಹೊಸ ಬ್ಲೇಡು ತೆಗೆದೆ. ಹೊಸ ಕಡೆ ಕೊಯ್ಯುವ ಮಾತೇ ಇಲ್ಲ, ಹಳೆಯ ಗೆರೆಯ ಮೇಲೆಯೇ, ಕೂದಲೆಳೆಯಷ್ಟು. ವ್ಯಾನಿನ ಮೆಟ್ಟಿಲ ಮೇಲೆ ಫೈಟ್ ಮಾಸ್ಟರ್ ನಿಂತು ನೋಡಿದರು. “ಮೇಷ್ಟ್ರೇ, ಈ ಮಟ್ಟಕ್ಕೆ ನಮ್ಮವರೂ ಹೋಗಲ್ಲ” ಎಂದರು. ಹೋಗಿ ಡೈರೆಕ್ಟರಿಗೆ ಹೇಳಿ ಎಂದೆ. ಹೇಳಿದರಂತೆ. ಡೈರೆಕ್ಟರ್ ಬಿಸಿಲು ಇಳಿಯುವ ಮೊದಲು ಕರೆತನ್ನಿ ಎಂದರಂತೆ.

“ಬೇಗ ಭಾವ” ಎಂದ ಚೆಂಡು. ಕಣ್ಣು ಮುಚ್ಚಿಕೊಂಡ. ಗೆರೆ ಚೆನ್ನಾಗಿ ತೆರೆದುಕೊಂಡಿತು. ಸ್ವಲ್ಪ ಹೆಚ್ಚೇ ತೆರೆದುಕೊಂಡಿತು.

ಬಾಗಿಲ ಮುಂದೆ ನಾಲ್ಕು ಪೆಟ್ಟು. ಮೊದಲನೆಯದು ಗುರಾಣಿಗೆ, ಎರಡನೆಯದು ಕತ್ತಿಗೆ, ಮೂರನೆಯದಕ್ಕೆ ಎಡಕ್ಕೆ ಜಾರಬೇಕು, ನಾಲ್ಕನೆಯದಕ್ಕೆ ಬೀಳಬೇಕು. ನೂರು ಸಲ ಅಭ್ಯಾಸ ಮಾಡಿದ್ದಾನೆ, ನಿದ್ದೆಯಲ್ಲಿ ಎಬ್ಬಿಸಿದರೂ ಮಾಡುತ್ತಾನೆ. ಗುರಾಣಿಗೆ ಹೊಡೆತ ಬಿದ್ದಾಗ ತಲೆ ಅದುರಿ ರಕ್ತ ಎಡಗಣ್ಣಿಗೆ ಇಳಿಯಿತು. ಎರಡನೆಯದನ್ನು ಒಂದೇ ಕಣ್ಣಿನಲ್ಲಿ ತಡೆದ. ತೋಳಿನಿಂದ ಕಣ್ಣು ಒರೆಸಿಕೊಳ್ಳಲು ಹೋದ. ಹಿಂದಿನ ಶಾಟಿನಲ್ಲಿ ಅವನು ಒರೆಸಿಕೊಂಡಿರಲಿಲ್ಲ, “ಒರೆಸಬೇಡ!” ಎಂದು ಕೂಗಿದೆ. ಕೈ ಕೆಳಗಿಳಿಸಿದ. ಮೂರನೆಯ ಪೆಟ್ಟು ಅವನಿಗೆ ಕಾಣಿಸಲಿಲ್ಲ.

ಮೊಂಡು ಕಬ್ಬಿಣ ಕತ್ತರಿಸುವುದಿಲ್ಲ, ಜಜ್ಜುತ್ತದೆ. ಹಸಿ ಸದ್ದು. ಅವನು ಬೀಳುವ ಕಲೆ ಬಲ್ಲವನು, ಎಷ್ಟೊಂದು ಬಗೆಯಲ್ಲಿ ಬೀಳುವುದನ್ನು ನೋಡಿದ್ದೇನೆ. ಈ ಬಗೆ ನೋಡಿರಲಿಲ್ಲ. ಮೂಟೆ ಇಳಿಸಿದ ಹಾಗೆ ಬಿದ್ದ, ಕೈ ಕೂಡ ಮುಂದಕ್ಕೆ ಊರಲಿಲ್ಲ. ಬಾಗಿಲ ಹಲಗೆಗೆ ಹಾರಿದ ರಕ್ತ ನನ್ನ ಕನ್ನಡಕಕ್ಕೂ ಹಾರಿತ್ತು. ಹೀರೋ ಕತ್ತಿ ಹಿಡಿದು ನಿಂತೇ ವಾಂತಿ ಮಾಡಿಕೊಂಡ. ಕ್ಯಾಮೆರಾ ಓಡುತ್ತಲೇ ಇತ್ತು. ಕಟ್ ಎಂದದ್ದು ಡೈರೆಕ್ಟರ್ ಅಲ್ಲ, ಫೈಟ್ ಮಾಸ್ಟರ್.

ನಾನು ಅವನ ಪಕ್ಕ ಮಂಡಿಯೂರಿದೆ. ಶಿರಸ್ತ್ರಾಣ ಬಲಕ್ಕೆ ಉರುಳಿತ್ತು. ಅದು ಬಿದ್ದ ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿದೆ. ಆಮೇಲೆ ಅವನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಈ ಕ್ರಮದಲ್ಲಿ ನಡೆಯಿತೆಂದು ಫೈಟ್ ಮಾಸ್ಟರ್ ಎಲ್ಲರಿಗೂ ಹೇಳುತ್ತಿದ್ದಾರೆ. ನನಗೆ ಕ್ರಮ ನೆನಪಿಲ್ಲ. ಕ್ರಮ ನೆನಪಿಡುವುದೇ ನನ್ನ ಕೆಲಸ.

ಮಾರ್ಚ್ 23, ಭಾನುವಾರ

ಎಡಗಣ್ಣು ಉಳಿಯಲಿಲ್ಲ.

ಹೊಲಿಗೆ ಹಾಕಿದ್ದಾರೆ.

ಜೂನ್ 18, ಬುಧವಾರ

ಎಡಿಟಿಂಗ್ ಕೋಣೆಗೆ ಕರೆದಿದ್ದರು, ಕೊನೆಯ ಸಲ ತಪ್ಪು ನೋಡಿಕೊಡಲು. ಏರ್‌ಕಂಡೀಷನ್ನಿನ ಚಳಿ, ತಣ್ಣಗಾದ ಟೀ, ಪರದೆಯ ಮುಂದೆ ಎಡಿಟರ್, ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ಕೋಟೆ ಬಾಗಿಲ ಕಾಳಗ ಬಂತು. ಚೆಂಡುವಿನ ಕ್ಲೋಸಪ್ ಬಂತು. “ನನ್ನನ್ನು ದಾಟಲಾರೆ.” ಪರದೆ ತುಂಬ ಅವನ ಮುಖ.

ಗಾಯ ಬಲಗಡೆ ಇತ್ತು.

ಮತ್ತೆ ಹಾಕಿ ಎಂದೆ. ಮತ್ತೆ ಬಲಗಡೆ.

“ಹಾಂ, ತಿರುವಿ ಹಾಕಿದೀನಿ ಸಾರ್” ಎಂದಳು. “ಹೀರೋ ಉದ್ದಕ್ಕೂ ಎಡದಿಂದ ಬರ್ತಾರೆ. ಇವರೂ ಅದೇ ಕಡೆ ನೋಡಿದ್ರೆ ಎದುರಾಬದುರು ಅನ್ಸಲ್ಲ. ಅದಕ್ಕೇ ಕನ್ನಡಿ ಥರ ಮಗುಚಿದೆ.”

“ಮುಂದಿನ ಶಾಟ್‌ಗಳಲ್ಲಿ ಗಾಯ ಎಡಗಡೆ ಇದೆ.”

“ಮುಂದಿನ ಶಾಟ್ ಯಾವುದೂ ಇಟ್ಟಿಲ್ಲ ಸಾರ್. ಮಾರ್ಚ್ ಹದಿನೇಳರದ್ದು, ಇಪ್ಪತ್ತೆರಡರದ್ದು, ಎಲ್ಲ ತೆಗೆದ್ವಿ. ನಿಜ ಅಂತ ಗೊತ್ತಾಗುತ್ತೆ, ನೋಡೋಕಾಗಲ್ಲ. ಕ್ಲೋಸಪ್ ಆದ್ಮೇಲೆ ಸೀದಾ ಬಾಗಿಲು ಮುರಿಯುತ್ತೆ.”

“ಅದಕ್ಕೂ ಮುಂಚಿನ ಶಾಟಲ್ಲಿ ಶಿರಸ್ತ್ರಾಣದ ಪಟ್ಟಿಯ ಗಂಟು ಎಡಗಡೆ ಇದೆ. ಈಗ ಬಲಗಡೆ ಬಂತು.”

“ಯಾರೂ ಗಂಟು ನೋಡಲ್ಲ ಸಾರ್. ಎಲ್ಲರೂ ಅವನ ನೋಟ ನೋಡ್ತಾರೆ. ನೋಡಿ, ಎಷ್ಟು ಚೆನ್ನಾಗಿ ನೋಡ್ತಾನೆ, ಎರಡೂ ಕಣ್ಣು ತೆರೆದು.”

ಟೀ ಗ್ಲಾಸು ಪರದೆಗೆ ಬಡಿದು ಒಡೆಯಿತು. ಆಮೇಲೆ ಅವಳ ಕುರ್ಚಿಯ ಬೆನ್ನನ್ನು ಹಿಡಿದು ಗೋಡೆಗೆ ತಳ್ಳಿದ್ದೇನೆ, ಕುರ್ಚಿಯಲ್ಲಿ ಅವಳೂ ಇದ್ದಳು. ಅವಳು ಎರಡೂ ಕೈ ಮುಖದ ಮುಂದೆ ಹಿಡಿದುಕೊಂಡಳು. ಯಾರೋ ಬಂದು ನನ್ನನ್ನು ಹೊರಗೆ ಎಳೆದುಕೊಂಡು ಹೋದರು. ಒದ್ದೆಯಾದ ಪರದೆಯಲ್ಲಿ ಚೆಂಡು ನಿಂತೇ ಇದ್ದ, ಮಿಟುಕಿಸದೆ, ಅವನ ಬಲಕ್ಕೆ ಅವನ ಎಡ.

ಕೆಲಸದಿಂದ ತೆಗೆದಿದ್ದಾರೆ. ಚಿತ್ರದಲ್ಲಿ ಹೆಸರು ಇರುತ್ತದಂತೆ.

ಆಗಸ್ಟ್ 24, ಭಾನುವಾರ

ಮೂವರೂ ಮ್ಯಾಟಿನಿಗೆ ಹೋಗಿದ್ದೆವು. ಚೆಂಡುವಿಗೆ ನೋಡದೆ ಬಿಡಲು ಮನಸ್ಸಿರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು, ಅಕ್ಕನನ್ನು ತನ್ನ ಎಡಕ್ಕೆ ಕೂರಿಸಿಕೊಂಡ, ಆ ಕಡೆ ಕಾಣದ್ದರಿಂದ. ನಾನು ಅವಳ ಆಚೆಗೆ.

ಕ್ಲೋಸಪ್ಪಿಗೆ ಇಡೀ ಥಿಯೇಟರು ಶಿಳ್ಳೆ ಹೊಡೆಯಿತು. ಹಿಂದಿನ ಸಾಲಿನವನು “ಯಾರೋ ಇವನು, ಬೆಂಕಿ!” ಎಂದ. ಯಾರೂ ಗಂಟು ನೋಡಲಿಲ್ಲ, ಯಾರೂ ನಗಲಿಲ್ಲ. ಹೆಂಡತಿ ಅಳುತ್ತಿದ್ದಳು. ಚೆಂಡು ಕಪ್ಪು ಕನ್ನಡಕ ತೆಗೆದು, ಮುಂದಕ್ಕೆ ಬಾಗಿ ನೋಡಿದ. ಬಾಗಿಲು ಮುರಿದು ಹೀರೋ ದಾಟಿ ಹೋದ ಮೇಲೆ ನನ್ನ ಕಡೆ ತಲೆಯನ್ನು ಪೂರ್ತಿ ತಿರುಗಿಸಿ ಹೇಳಿದ:

“ಭಾವ, ಗಾಯ ಬಲಗಡೆ ಇದೆ. ನೀವು ನೋಡ್ಲಿಲ್ವಾ?”

“ನೋಡಿದೆ.”

“ಮತ್ತೆ ಹೇಳ್ಬೇಕಿತ್ತಲ್ಲ” ಎಂದು ಸಣ್ಣಗೆ ನಕ್ಕ. “ಇಷ್ಟು ಚೆನ್ನಾಗಿದ್ದ ಒಂದೇ ಒಂದು ಮುಖ. ಅದೂ ನನ್ನದಲ್ಲ ಅನ್ನಿಸ್ತು.”

ಮನೆಗೆ ಬಂದು ಮೇಜಿಗೆ ಕೂತೆವು. ಎಲ್ಲರೂ ಕೂರುವ ಜಾಗದಲ್ಲೇ, ಅವಳು ಸ್ವಿಚ್ಚಿನ ಕೆಳಗೆ, ಚೆಂಡು ಅವಳ ಪಕ್ಕ, ನಾನು ಎದುರಿಗೆ. ಚಿತ್ರ ಚೆನ್ನಾಗಿ ಓಡುತ್ತದೆ ಎಂದೆ. ಓಡಲಿ ಎಂದಳು. ಸೆಕೆ ಎಂದೆ. ಹೌದು ಎಂದಳು. ಫ್ಯಾನ್ ಹಾಕೋಣವೆಂದು ಎದ್ದು ಕೈ ಎತ್ತಿದೆ.

ಅವಳು ತಲೆಯನ್ನು ಹೆಗಲೊಳಗೆ ಎಳೆದುಕೊಂಡಳು, ಎಡಗೈಯನ್ನು ಮೇಜಿನ ಕೆಳಗೆ ಅಡಗಿಸಿದಳು. ಚೆಂಡು ಮುಖ ತಿರುಗಿಸಿ, ಉಳಿದ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡ. ಇಬ್ಬರೂ ಒಂದೇ ಗಳಿಗೆಯಲ್ಲಿ, ಯಾರೋ ಅಭ್ಯಾಸ ಮಾಡಿಸಿದ ಹಾಗೆ.

ಕೈ ಮೇಲೇ ಇತ್ತು. ನಿಧಾನವಾಗಿ ಇಳಿಸಿದೆ.

ಅದೇ ಮೇಜು, ಅದೇ ಕುರ್ಚಿ, ಅದೇ ಸ್ವಿಚ್ಚು, ಅದೇ ಕೈ. ಮಾರ್ಚ್ ಮೂರರಂದು ಇವಳು ಬಗ್ಗಿರಲಿಲ್ಲ, ಹೊಟ್ಟೆಗೆ ತಿವಿದಿದ್ದಳು, ಇವನು ಮೆರೆಯುತ್ತಿದ್ದ. ಇಲ್ಲಿ ಬರೆದೂ ಇದ್ದೇನೆ. ಇವತ್ತಿನದು ಅದಕ್ಕೆ ಹೊಂದುವುದಿಲ್ಲ. ನಡುವಿನ ಒಂದು ಶಾಟ್ ನನ್ನ ಕಣ್ಣಿಗೆ ಬಿದ್ದಿಲ್ಲ. ಯಾವುದೆಂದು ಸಂಜೆಯಿಂದ ಹುಡುಕುತ್ತಿದ್ದೇನೆ.

ಫ್ಯಾನ್ ಇನ್ನೂ ಹಾಕಿಲ್ಲ.